ಕಕ್ಕಬ್ಬೆಯ ಕೆಸರಿನಲ್ಲಿ ಸೈಕಲ್: ಮಳೆ ಬಿಟ್ಟ ಮರುದಿನವೇ ದಾರಿ ಏಕೆ ಇಷ್ಟು ಕಷ್ಟ?

ಕೆಸರುಗಾಲಿ

ಕೊಡಗಿನ ಚೆಯ್ಯಂಡಾಣೆಯಿಂದ ಕಕ್ಕಬ್ಬೆಯವರೆಗೆ ಡಾಂಬರು ರಸ್ತೆಯನ್ನು ಆದಷ್ಟು ದೂರವಿಟ್ಟು, ತೋಟಗಳ ನಡುವಿನ ಮಣ್ಣಿನ ದಾರಿಗಳಲ್ಲೇ ಸಾಗಿ, ನಾಲ್ಕುನಾಡು ಅರಮನೆಯ ಬಳಿ ಬುತ್ತಿ ಬಿಚ್ಚಿ, ಅಲ್ಲಿಂದ ಗದ್ದೆಬಯಲುಗಳನ್ನು ದಾಟುತ್ತ ನಾಪೋಕ್ಲಿಗೆ ಇಳಿಯುವ ಸವಾರಿಯನ್ನು ಕಳೆದ ವಾರ ನಾವು ಮೂವರು ಗೆಳೆಯರು ಮುಗಿಸಿದೆವು. ದಾರಿಯಲ್ಲಿ ಸಿಗುವ ತೋಟಗಳ ಮಾಲೀಕರಿಂದ ಮೊದಲೇ ಒಪ್ಪಿಗೆ ಪಡೆದಿದ್ದೆವು. ಸವಾರಿಯ ವರ್ಣನೆಗಿಂತ ಹೆಚ್ಚಾಗಿ, ಅದರಲ್ಲಿ ನಮ್ಮ ಕಣ್ಣಿಗೆ ಬಿದ್ದ ಒಂದು ಸಂಗತಿಯನ್ನು ಇಲ್ಲಿ ಚರ್ಚೆಗೆ ಇಡಬೇಕೆಂದು ಈ ಬರಹ.

ಹೊರಡುವ ಹಿಂದಿನ ದಿನ ಸಂಜೆಗೆ ಮಳೆ ನಿಂತಿತ್ತು. ಬೆಳಿಗ್ಗೆ ಮೋಡ ಸರಿದು ಎಳೆಬಿಸಿಲು ಬಂದುದನ್ನು ಕಂಡು, ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಇಂಥ ದಿನ ಸಿಗುವುದು ಅಪರೂಪ ಎಂದು ಎಲ್ಲರೂ ಹಿಗ್ಗಿದೆವು. ಆದರೆ ಇದೇ ದಾರಿಯ ಮೊದಲ ಭಾಗವನ್ನು ಜುಲೈ ತಿಂಗಳಲ್ಲಿ, ಎದುರಿನ ಸಿಲ್ವರ್ ಓಕ್ ಮರವೂ ಕಾಣದಷ್ಟು ಸುರಿಯುವ ಮಳೆಯಲ್ಲಿ ದಾಟಿದಾಗ ಸೈಕಲ್ ಜಾರುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ಈ ಬಾರಿ ಬಿಸಿಲಿನಲ್ಲಿ ಅದು ನಿಂತೇಬಿಟ್ಟಿತು. ಹೊಸದಾಗಿ ಯಂತ್ರದಿಂದ ಕಡಿದ ಒಂದು ಏರುದಾರಿಯಲ್ಲಿ ಚಕ್ರ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಟಯರಿನ ಹಲ್ಲುಗಳೆಲ್ಲ ಮುಚ್ಚಿಹೋಗಿ, ಮಣ್ಣು ಚೌಕಟ್ಟಿನ ಸಂದಿಯಲ್ಲಿ ಗಟ್ಟಿಯಾಗಿ ಕೂತು, ಹಿಂದಿನ ಚಕ್ರ ಉರುಳುವ ಬದಲು ಎಳೆದುಕೊಂಡು ಬರುವ ಸ್ಥಿತಿಗೆ ಬಂತು. ತಳ್ಳಿದರೂ ಅದೇ ಗತಿ. ಕಡೆಗೆ ಸೈಕಲ್ಲನ್ನು ಹೆಗಲಿಗೇರಿಸಿ ನಡೆಯಬೇಕಾಯಿತು, ಮಣ್ಣು ಮೆತ್ತಿದ ಸೈಕಲ್ ಎಷ್ಟು ಭಾರವಾಗುತ್ತದೆಂಬುದು ಹೊತ್ತವರಿಗೇ ಗೊತ್ತು.

ವಿಚಿತ್ರವೆಂದರೆ ಅದೇ ಏರಿನಾಚೆ, ಕಡಂಗದ ಪಕ್ಕದಲ್ಲಿ ಸಾಗುವ ಹಳೆಯ ತೋಟದ ದಾರಿಯಲ್ಲಿ ನೀರು ಇನ್ನೂ ಹರಿಯುತ್ತಿದ್ದರೂ ಸವಾರಿ ಸಲೀಸಾಗಿತ್ತು. ಹಿಂದಿನ ಕಾಲದಲ್ಲಿ ಗಡಿಗೂ ರಕ್ಷಣೆಗೂ ತೋಡಿದ ಆ ಕಂದಕಗಳು ಈಗ ಮಳೆಗಾಲದ ತೋಡುಗಳಾಗಿವೆ, ಅವುಗಳ ಅಂಚಿನ ದಾರಿ ಮಾತ್ರ ಗಟ್ಟಿಯಾಗಿ ಉಳಿದಿದೆ. ಮಳೆ ಬೀಳುವಾಗ ಸಲೀಸು, ಬಿಟ್ಟ ಮರುದಿನ ಕಷ್ಟ; ಹಳೆಯ ದಾರಿ ಸಲೀಸು, ಹೊಸ ದಾರಿ ಕಷ್ಟ. ಇದಕ್ಕೆ ಕಾರಣವೇನು, ಮತ್ತು ದಾರಿಯನ್ನು ದೂರದಿಂದ ನೋಡಿಯೇ ಇದನ್ನು ತಿಳಿಯುವ ಬಗೆ ಯಾವುದು ಎಂಬುದನ್ನು ಬಲ್ಲವರು ಹೇಳಬೇಕು.

ತೋಟದಮನೆ

ನೀವು ಹೊತ್ತು ನಡೆದ ಏರು ಯಾವುದೆಂದು ಊಹಿಸಬಲ್ಲೆ. ಅಂಥದೊಂದು ದಾರಿ ನಮ್ಮ ತೋಟದಲ್ಲೂ ಇದೆ, ಮಳೆ ಬಿಟ್ಟ ಮರುದಿನ ಅದರಲ್ಲಿ ಜೀಪನ್ನೂ ನಾವು ಇಳಿಸುವುದಿಲ್ಲ.

ಕೊಡಗಿನ ಇಳಿಜಾರುಗಳಲ್ಲಿ ಮೇಲಿನ ಒಂದೆರಡು ಗೇಣು ಮಣ್ಣು ಬೇರೆ, ಅದರ ಕೆಳಗಿನದು ಬೇರೆ. ಮೇಲಿನ ಪದರದಲ್ಲಿ ತಲೆತಲಾಂತರದಿಂದ ಉದುರಿದ ಎಲೆ ಕೊಳೆತು ಸೇರಿರುತ್ತದೆ, ಬೇರುಗಳ ಬಲೆ ಹೆಣೆದುಕೊಂಡಿರುತ್ತದೆ. ಈ ಮಣ್ಣು ನೀರನ್ನು ಹೀರಿ ಕೆಳಗಿಳಿಸುತ್ತದೆ, ಅಂಟುವುದು ಕಡಿಮೆ. ಯಂತ್ರದಿಂದ ಬರೆ (ಇಳಿಜಾರಿನ ಮಣ್ಣಿನ ಗೋಡೆ) ಕಡಿದಾಗ ಆ ಪದರ ಹೋಗಿ, ಕೆಳಗಿನ ಕೆಂಪು ಜೇಡಿ ಬಯಲಾಗುತ್ತದೆ. ಜೋರು ಮಳೆಯಲ್ಲಿ ಅದರ ಮೇಲ್ಮೈ ತೆಳುವಾಗಿ ಕದಡಿ ನೀರಿನೊಂದಿಗೆ ಹರಿದುಹೋಗುವುದರಿಂದ ಚಕ್ರಕ್ಕೆ ಹತ್ತಿದ್ದು ಒಡನೆಯೇ ತೊಳೆದುಹೋಗುತ್ತದೆ. ಮಳೆ ನಿಂತು ನೀರು ಅರ್ಧ ಇಳಿದಾಗ ಅದೇ ಜೇಡಿ ಕೈಯಲ್ಲಿ ಉಂಡೆ ಕಟ್ಟುವ ಹದಕ್ಕೆ ಬರುತ್ತದೆ. ಕಡಂಬುಟ್ಟಿಗೆ (ಅಕ್ಕಿಯ ಉಂಡೆಗೆ) ಹಿಟ್ಟು ಬೇಯಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ನೀರು ನೀರಾಗಿದ್ದಾಗ ಕೈಯಿಂದ ಜಾರುವ ಹಿಟ್ಟು ಹದಕ್ಕೆ ಬಂದಾಗಲೇ ಬೆರಳಿಗೆ ಕಚ್ಚಿಕೊಳ್ಳುವುದು. ಇನ್ನೂ ಎರಡು ಮೂರು ದಿನ ಬಿಸಿಲು ಕಾದರೆ ಅದು ಗಟ್ಟಿಯಾಗಿ, ಸವಾರಿಗೆ ತೊಂದರೆ ಇರುವುದಿಲ್ಲ. ನೀವು ಹೋದದ್ದು ನಡುವಿನ ಆ ಒಂದು ದಿನ.

ಹಳೆಯ ದಾರಿಗಳ ವಿಷಯ ಬೇರೆ. ಎತ್ತಿನಗಾಡಿಯ ಕಾಲದಲ್ಲಿ ಏರುಗಳಿಗೆ ಕಲ್ಲು ಹಾಸುತ್ತಿದ್ದರು, ಆ ಕಲ್ಲು ಈಗ ಕಾಣದಿದ್ದರೂ ಮಣ್ಣಿನಡಿಯಲ್ಲಿದೆ. ಅಲ್ಲದೆ ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿದಾಗ, ಅಂದರೆ ನೆರಳಿನ ಮರಗಳ ಕೊಂಬೆ ಸವರಿದಾಗ, ಬಿದ್ದ ಸೊಪ್ಪು ಮತ್ತು ಸಣ್ಣ ಕೊಂಬೆಗಳು ದಾರಿಯ ಮೇಲೆ ಹಾಸಿಕೊಂಡು ಕೊಳೆಯುತ್ತವೆ. ಆದ್ದರಿಂದ ದೂರದಿಂದ ನೋಡಿ ತಿಳಿಯಬೇಕಾದರೆ ಬಣ್ಣವನ್ನು ನೋಡಿ: ಕಪ್ಪಾಗಿ, ಎಲೆ ಮುಚ್ಚಿಕೊಂಡಿದ್ದರೆ ಹೋಗಿ, ಹೊಳೆಯುವ ಕೆಂಪಾಗಿ, ಪಕ್ಕದ ಬರೆ ಹಸಿಗಾಯದಂತೆ ಕಾಣುತ್ತಿದ್ದರೆ ಹಿಂದಿರುಗಿ.

ಹಿಂದಿರುಗಿ ಎನ್ನುವುದಕ್ಕೆ ಕೆಸರಿಗಿಂತ ದೊಡ್ಡ ಕಾರಣವೂ ಒಂದಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಬೆಟ್ಟಗಳು ಜಾರಿದವು, 2019ರಲ್ಲಿ ತೋರ ಗ್ರಾಮದ ಬೆಟ್ಟ, 2020ರಲ್ಲಿ ತಲಕಾವೇರಿಯ ಬೆಟ್ಟ. ನೀರು ಕುಡಿದು ತೂಕ ಏರಿದ ಬರೆಯು ಮಳೆ ನಿಂತ ಕೂಡಲೇ ಹಗುರಾಗುವುದಿಲ್ಲ. ಬಿಸಿಲು ಬಂತೆಂದು ಹೊಸ ಬರೆಯ ಬುಡದಲ್ಲಿ ಸೈಕಲ್ ನಿಲ್ಲಿಸಿ ಮಣ್ಣು ಕೆರೆಯುತ್ತ ಕೂರುವುದು ಸರಿಯಲ್ಲ. ಇಳಿಜಾರಿನಲ್ಲಿ ಹೊಸ ಬಿರುಕು, ಹಠಾತ್ತನೆ ಕೆಂಪಾಗಿ ಹರಿಯುವ ಊಟೆ, ವಾಲಿದ ಮರ, ಇವುಗಳಲ್ಲಿ ಒಂದು ಕಂಡರೂ ಅಲ್ಲಿಂದ ಸರಿದು ಊರಿನವರಿಗೆ ತಿಳಿಸಬೇಕು.

ಹಳೇಚೈನು

ಮಣ್ಣಿನ ಮಾತನ್ನು ತೋಟದಮನೆಯವರು ಹೇಳಿದ್ದಾರೆ, ನಾನು ಸೈಕಲ್ಲಿನ ಮಾತಿಗೆ ಬರುತ್ತೇನೆ. ಮೈಸೂರಿನಲ್ಲಿ ಸೈಕಲ್ ರಿಪೇರಿ ಮಾಡುವ ನನ್ನ ಬಳಿಗೆ ಮಳೆಗಾಲದಲ್ಲಿ ಕೊಡಗಿನಿಂದ ಬರುವ ಸೈಕಲ್ಲುಗಳಲ್ಲಿ ಹೆಚ್ಚಿನವು ಒಂದೇ ರೋಗದವು: ಗೇರು ಬದಲಿಸಲು ಚೈನನ್ನು ಸರಿಸುವ ಡಿರೈಲರ್ ತೂಗುವ ಹ್ಯಾಂಗರ್ ಮುರಿದಿರುತ್ತದೆ ಅಥವಾ ಬಾಗಿರುತ್ತದೆ. ಅದು ಮುರಿಯುವುದು ಬಿದ್ದದ್ದರಿಂದಲ್ಲ. ಚಕ್ರ ಕಟ್ಟಿಕೊಂಡ ಮೇಲೂ ಸವಾರರು ಬಿಡದೆ ಪೆಡಲು ತುಳಿಯುತ್ತಾರೆ. ಜೇಡಿಯ ಉಂಡೆಯೊಳಗೆ ಒಂದು ಕೊಂಬೆ ಸಿಕ್ಕಿಕೊಂಡಿರುತ್ತದೆ (ಮರಗಸಿಯ ಸೊಪ್ಪನ್ನು ಹೊಗಳಿದ ತೋಟದಮನೆಯವರು ಕ್ಷಮಿಸಬೇಕು), ಚೈನು ಅದನ್ನು ಎಳೆದುಕೊಂಡು ಡಿರೈಲರಿಗೆ ತುರುಕುತ್ತದೆ, ಡಿರೈಲರ್ ತಿರುಚಿ ಚಕ್ರದ ಕಡ್ಡಿಗಳೊಳಗೆ ನುಗ್ಗುತ್ತದೆ. ಆದ್ದರಿಂದ ಪೆಡಲು ಎಂದಿಗಿಂತ ಬಿಗಿಯಾಯಿತೆಂದು ಕಾಲಿಗೆ ತಿಳಿದ ಕ್ಷಣವೇ ಇಳಿಯಬೇಕು. ಆ ಹೊತ್ತಿನಲ್ಲಿ ತೊಡೆಯ ಬಲವನ್ನು ಪರೀಕ್ಷಿಸಲು ಹೋದರೆ ಸಾವಿರಾರು ರೂಪಾಯಿ ಖರ್ಚು.

ಮುರಿದೇ ಹೋದರೆ, ಚೈನು ಬಿಡಿಸುವ ಸಲಕರಣೆಯೊಂದು ಜೇಬಿನಲ್ಲಿದ್ದವರು ಡಿರೈಲರನ್ನು ಕಳಚಿ, ಚೈನನ್ನು ಕತ್ತರಿಸಿ, ಹಿಂದಿನ ಯಾವುದಾದರೂ ನಡುವಿನ ಹಲ್ಲುಚಕ್ರಕ್ಕೆ ನೇರವಾಗಿ ಜೋಡಿಸಿ ಒಂದೇ ಗೇರಿನ ಸೈಕಲ್ ಮಾಡಿಕೊಂಡು ಮನೆ ಸೇರಬಹುದು. ಹಿಂದೆಯೂ ಸಸ್ಪೆನ್ಶನ್ ಇರುವ ಸೈಕಲ್ಲಿನಲ್ಲಿ ಇದು ಸರಿಯಾಗಿ ನಡೆಯುವುದಿಲ್ಲ, ಏಕೆಂದರೆ ಸಸ್ಪೆನ್ಶನ್ ಕುಗ್ಗಿ ಹಿಗ್ಗುವಾಗ ಚೈನಿನ ಉದ್ದದ ಅಗತ್ಯ ಬದಲಾಗುತ್ತ ಹೋಗುತ್ತದೆ.

ಟಯರಿನ ಬಗ್ಗೆ ಎರಡು ಪಂಗಡಗಳಿವೆ. ಕಿರಿದಾದ ಟಯರು ಕೆಸರನ್ನು ಸೀಳಿ ಅಡಿಯ ಗಟ್ಟಿನೆಲ ಮುಟ್ಟುತ್ತದೆ ಎನ್ನುವವರದು ಒಂದು, ಅಗಲದ ಟಯರು ಮೇಲೆ ತೇಲುತ್ತದೆ ಎನ್ನುವವರದು ಇನ್ನೊಂದು. ಯುರೋಪಿನಲ್ಲಿ ಚಳಿಗಾಲದ ಕೆಸರಿನಲ್ಲೇ ನಡೆಯುವ ಸೈಕ್ಲೊಕ್ರಾಸ್ ಪಂದ್ಯಗಳಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ಟಯರಿನ ಅಗಲ 33 ಮಿಲಿಮೀಟರ್ ಮೀರುವಂತಿಲ್ಲ, ಅವರು ಅದರಲ್ಲೇ ಚೆನ್ನಾಗಿ ಸಾಗುತ್ತಾರೆ, ಸಾಗದ ಕಡೆ ಸೈಕಲ್ಲನ್ನು ಹೆಗಲಿಗೇರಿಸಿ ಓಡುತ್ತಾರೆ. ಕೊಡಗಿನ ಹಳೆಯ ದಾರಿಗಳಲ್ಲಿ ಅಡಿಗೆ ಕಲ್ಲಿದೆಯೆಂದ ಮೇಲೆ ಅಲ್ಲಿ ಕಿರಿದಾದುದೇ ಮೇಲು. ಹೊಸ ಜೇಡಿಯ ದಾರಿಯಲ್ಲಿ ಸೀಳಿದರೆ ಸೀಳುತ್ತಲೇ ಹೋಗಬೇಕು, ತಳವೇ ಸಿಗುವುದಿಲ್ಲ. ಎರಡಕ್ಕೂ ಹೊಂದುವಂಥದ್ದು ಬೇಕಿದ್ದರೆ ಎತ್ತರದ, ವಿರಳವಾಗಿ ಹಾಕಿದ ಹಲ್ಲುಗಳ 2.2 ಇಂಚಿನ ಟಯರು, ಮತ್ತು ಅದಕ್ಕಿಂತ ಮುಖ್ಯವಾಗಿ ಟಯರಿಗೂ ಚೌಕಟ್ಟಿಗೂ ನಡುವೆ ಬೆರಳು ಸಲೀಸಾಗಿ ಹೋಗುವಷ್ಟು ಜಾಗ. ಎಪ್ಪತ್ತು ಕಿಲೋ ತೂಗುವವರು ಟ್ಯೂಬ್‌ಲೆಸ್ ಟಯರಿನಲ್ಲಿ 20ರಿಂದ 24 ಪಿಎಸ್‌ಐ ಗಾಳಿ ಇಟ್ಟುಕೊಳ್ಳಬಹುದು. ಟ್ಯೂಬ್ ಇದ್ದರೆ ಅಷ್ಟು ಇಳಿಸಬಾರದು, ಕಲ್ಲಿಗೆ ಬಡಿದು ಟ್ಯೂಬ್ ಎರಡು ಕಡೆ ಸೀಳುತ್ತದೆ. ಮಡ್‌ಗಾರ್ಡನ್ನು ಮನೆಯಲ್ಲೇ ಬಿಟ್ಟು ಬನ್ನಿ, ಹೆಸರು ಏನೇ ಹೇಳಲಿ, ಜೇಡಿಯಲ್ಲಿ ಅದು ಮಣ್ಣು ತುಂಬುವ ಚೀಲ.

ಗದ್ದೆಬದು

ಮೂವರ ಮಾತೂ ಚೆನ್ನಾಗಿದೆ. ಆದರೆ ಮೊದಲ ಬರಹದಲ್ಲಿ "ಗದ್ದೆಬಯಲುಗಳನ್ನು ದಾಟುತ್ತ" ಎಂಬ ಮಾತನ್ನು ಎಲ್ಲರೂ ಹಾಗೆಯೇ ಬಿಟ್ಟು ಮುಂದೆ ಹೋದದ್ದು ನನಗೆ ಹಿಡಿಸಲಿಲ್ಲ.

ಕಕ್ಕಡದಲ್ಲಿ ನಾಟಿ ಮುಗಿದ ಗದ್ದೆಯ ಬದುವೆಂದರೆ ಆ ವರ್ಷದ ಹೊಸ ಮಣ್ಣು. ಹಳೆಯ ಬದುವಿನ ಹುಲ್ಲು ಕೆತ್ತಿ, ಗದ್ದೆಯ ಕೆಸರನ್ನೇ ಬಾಚಿ ಮೆತ್ತಿ, ಕಾಲಿನಿಂದ ತುಳಿದು ನುಣುಪು ಮಾಡಿರುತ್ತಾರೆ. ಅದು ಗಟ್ಟಿಯಾಗುವ ಮುನ್ನ ಒಂದು ಚಕ್ರದ ಗೀರು ಬಿದ್ದರೆ ಸಾಕು, ನೀರು ಆ ಗೀರಿನಲ್ಲೇ ದಾರಿ ಮಾಡಿಕೊಂಡು ರಾತ್ರಿ ಕಳೆಯುವುದರೊಳಗೆ ಬದುವನ್ನು ಒಡೆಯುತ್ತದೆ, ಮೇಲಿನ ಗದ್ದೆ ಬತ್ತಿ ಕೆಳಗಿನದು ತುಂಬುತ್ತದೆ. ಕೂಲಿಯವರು ಸಿಗದೆ, ಆನೆಯ ಕಾಟ ತಾಳದೆ, ಬತ್ತ ಬೆಳೆಯುವುದನ್ನೇ ಬಿಟ್ಟು ಪಾಳು ಬಿದ್ದ ಗದ್ದೆಗಳು ಕೊಡಗಿನಲ್ಲಿ ಎಷ್ಟಿವೆಯೆಂದು ಇಲ್ಲಿಯ ಎಲ್ಲರೂ ಬಲ್ಲರು. ಇನ್ನೂ ನಾಟಿ ಮಾಡುತ್ತಿರುವವರ ಬದುವಿನ ಮೇಲೆ ಸೈಕಲ್ ಓಡಿಸಲು ತೋಟದ ಮಾಲೀಕರ ಒಪ್ಪಿಗೆ ಸಾಲದು. ಗದ್ದೆಯನ್ನು ಮಾಡುತ್ತಿರುವವರು ಯಾರೋ ಅವರನ್ನು ಕೇಳಬೇಕು.

ಕೆಸರುಗಾಲಿ

ಗದ್ದೆಬದು ಅವರ ಆಕ್ಷೇಪಕ್ಕೆ ನೇರವಾಗಿ ಉತ್ತರಿಸುತ್ತೇನೆ. ಬದುವಿನ ಮೇಲೆ ನಾವು ಸವಾರಿ ಮಾಡಲಿಲ್ಲ, ಸೈಕಲ್ ಹೊತ್ತು ನಡೆದೆವು. ಗದ್ದೆಯವರ ಒಪ್ಪಿಗೆಯೂ ಇತ್ತು, ಒಂದು ಕಡೆ ಅವರೇ ಮುಂದೆ ನಡೆದು ಯಾವ ಬದು ತಾಳುತ್ತದೆ, ಯಾವುದು ತಾಳುವುದಿಲ್ಲ ಎಂದು ತೋರಿಸಿದರು. ಆದರೂ ಗದ್ದೆಬದು ಅವರು ಹೇಳಿದ್ದು ಓದುವ ಇತರರಿಗೆ ಬೇಕಾದ ಮಾತು, ಏಕೆಂದರೆ ಹೊಸಬರು ಬದುವನ್ನು ಕಂಡಾಗ ಅದು ಸೈಕಲ್ಲಿಗೆಂದೇ ಮಾಡಿದ ಕಿರುದಾರಿಯೆಂದು ಭಾವಿಸುವುದು ಸಹಜ.

ಹೊರುವ ಕ್ರಮದ ಬಗ್ಗೆ ಒಂದು ಮಾತು. ಚೌಕಟ್ಟಿನ ಮೇಲಿನ ಕೊಳವೆಯನ್ನು ಬಲಹೆಗಲಿನ ಮೇಲಿಟ್ಟು, ಬಲಗೈಯನ್ನು ಕೆಳಕೊಳವೆಯ ಅಡಿಯಿಂದ ತೂರಿಸಿ ಎಡ ಹ್ಯಾಂಡಲನ್ನು ಹಿಡಿದರೆ, ಮುಂದಿನ ಚಕ್ರ ಅತ್ತಿತ್ತ ತಿರುಗದೆ ಸೈಕಲ್ ಬೆನ್ನಿಗೆ ಒತ್ತಿಕೊಳ್ಳುತ್ತದೆ, ಎಡಗೈ ಸಮತೋಲನಕ್ಕೆ ಬಿಡುವಾಗಿರುತ್ತದೆ. ಒಂದಡಿ ಅಗಲದ ಬದುವಿನ ಮೇಲೆ ಆ ಬಿಡುವಾದ ಕೈಯ ಬೆಲೆ ಬಹಳ. ಚೌಕಟ್ಟಿನ ನಡುವೆ ನೀರಿನ ಬಾಟಲಿ ಇಟ್ಟವರಿಗೆ ಹೀಗೆ ಹೊರಲು ಬರುವುದಿಲ್ಲ, ನೀರನ್ನು ಬೆನ್ನಿನ ಚೀಲದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ನಾಲ್ಕುನಾಡು ಅರಮನೆಯನ್ನು ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಇಂಥ ಮೂಲೆಯಲ್ಲಿ, ತಡಿಯಂಡಮೋಳು ಬೆಟ್ಟದ ಬುಡದಲ್ಲಿ ಏಕೆ ಕಟ್ಟಿಸಿದನೆಂಬುದು ಈ ದಾರಿಯಲ್ಲಿ ಸೈಕಲ್ ಹೊತ್ತವರಿಗೆ ಚೆನ್ನಾಗಿ ಅರ್ಥವಾಗುತ್ತದೆ. 1834ರಲ್ಲಿ ಬ್ರಿಟಿಷರ ಪಡೆ ಕೊಡಗಿಗೆ ನುಗ್ಗಿದಾಗ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಬಂದು ಸೇರಿದ್ದೂ ಇಲ್ಲಿಗೇ. ಬ್ರಿಟಿಷರು ಬಂದದ್ದು ಏಪ್ರಿಲ್‌ನಲ್ಲಿ, ಮಳೆಗೆ ಮೊದಲು. ಆಗಸ್ಟ್‌ನಲ್ಲಿ ಬಂದಿದ್ದರೆ ಏನಾಗುತ್ತಿತ್ತೋ ಎಂದು ಯೋಚಿಸುತ್ತ ನಾವು ರೊಟ್ಟಿ ತಿಂದೆವು.

ಮೂರ್ನಾಡಿನ ಮಳೆ

ಆರೋಗ್ಯ ಇಲಾಖೆಯ ಕೆಲಸದಲ್ಲಿ ಇರುವವಳಾಗಿ ಒಂದು ವಿಷಯವನ್ನು ಸೇರಿಸಬೇಕಾಗಿದೆ. ಗದ್ದೆಯ ನೀರಿನಲ್ಲಿ, ನಿಂತ ಕೆಸರಿನಲ್ಲಿ ಇಲಿಜ್ವರದ ರೋಗಾಣು ಇರಬಹುದು. ಇಲಿ ಮತ್ತು ದನಗಳ ಮೂತ್ರದಿಂದ ನೀರಿಗೆ ಸೇರುವ ಅದು ಚರ್ಮದ ಗಾಯದ ಮೂಲಕ, ಕಣ್ಣು ಬಾಯಿಗಳ ಮೂಲಕ ದೇಹಕ್ಕೆ ಸೇರುತ್ತದೆ. ಸೈಕಲ್ ಸವಾರರ ಮೊಣಕಾಲು, ಮೊಣಕೈ, ಕಣಕಾಲುಗಳಲ್ಲಿ ಗೀರು ಇಲ್ಲದ ದಿನ ಯಾವುದು? ಹೊರಡುವ ಮುನ್ನ ಇರುವ ಗಾಯಗಳನ್ನು ನೀರು ತಾಗದಂತೆ ಮುಚ್ಚಿಕೊಳ್ಳಿ, ಮುಂದಿನ ಚಕ್ರ ಎರಚುವ ನೀರು ಬಾಯಿಗೆ ಹೋಗದಂತೆ ನೋಡಿಕೊಳ್ಳಿ, ಕೆಸರು ಮೆತ್ತಿದ ಬಾಟಲಿಯ ಮೂತಿಯನ್ನು ಒರೆಸದೆ ಕುಡಿಯಬೇಡಿ, ಮನೆಗೆ ಬಂದ ಕೂಡಲೇ ಸಾಬೂನಿನಿಂದ ತೊಳೆಯಿರಿ. ಸವಾರಿಯಾದ ಎರಡು ಮೂರು ವಾರಗಳೊಳಗೆ ಜ್ವರ, ಮೀನಖಂಡದ ತೀವ್ರ ನೋವು, ಕಣ್ಣು ಕೆಂಪಾಗುವಿಕೆ ಕಾಣಿಸಿದರೆ ವೈದ್ಯರ ಬಳಿ ಹೋಗಿ, ಗದ್ದೆಯ ನೀರಿನಲ್ಲಿ ಓಡಾಡಿದ್ದನ್ನು ತಪ್ಪದೆ ಹೇಳಿ. ಅದನ್ನು ಹೇಳದಿದ್ದರೆ ಮೀನಖಂಡದ ನೋವನ್ನು ಸೈಕಲ್ ತುಳಿದುದರ ನೋವೆಂದು ನೀವೂ ತಿಳಿಯುತ್ತೀರಿ, ಅವರೂ ತಿಳಿಯಬಹುದು.

ಇಂಬಳದ (ಜಿಗಣೆಯ) ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಅಷ್ಟೇನೂ ದೊಡ್ಡ ಸಂಗತಿಯಲ್ಲ. ಉಗುರಿನಿಂದ ಅದರ ಬಾಯಿಯ ಅಂಚನ್ನು ಮೆಲ್ಲನೆ ಸರಿಸಿ ಬಿಡಿಸಿದರೆ ಸಾಕು.

ಬಯಲುಸೀಮೆಯವ

ಮಂಡ್ಯದ ಕಡೆಯವನಾದ ನನಗೆ ಕಬ್ಬಿನ ಗದ್ದೆಯ ಎರೆಮಣ್ಣಿನ ಪರಿಚಯ ಉಂಟು, ಇಳಿಜಾರಿನ ಕೆಸರಿನ ಪರಿಚಯವಿಲ್ಲ. ಬರುವ ತಿಂಗಳು ಬರಬೇಕೆಂದಿದ್ದೇನೆ. ನನ್ನದು 40 ಮಿಲಿಮೀಟರ್ ಟಯರಿನ ಗ್ರಾವೆಲ್ ಸೈಕಲ್. ಇದು ನಡೆಯುತ್ತದೆಯೇ? ಇಳಿಯುವಾಗ ಬ್ರೇಕ್ ಹಿಡಿಯುವ ಕ್ರಮ ಹೇಗೆ? ಮತ್ತು ಆನೆಯ ವಿಷಯವನ್ನು ಯಾರೂ ಇನ್ನೂ ಬಿಡಿಸಿ ಹೇಳಿಲ್ಲ.

ತೋಟದಮನೆ

ಆನೆಯ ಮಾತು ಮೊದಲು. ಸಿದ್ದಾಪುರ, ಅಮ್ಮತ್ತಿ, ತಿತಿಮತಿಯ ಕಡೆ ಆನೆಗಳು ತೋಟದಲ್ಲೇ ಬೀಡುಬಿಟ್ಟಿರುತ್ತವೆ, ಕಕ್ಕಬ್ಬೆಯ ಕಡೆಯೂ ಬರುವುದುಂಟು. ಕಾಫಿ ಗಿಡದ ಎತ್ತರ, ಮಬ್ಬು ಬೆಳಕು ಎರಡೂ ಸೇರಿ, ನಿಂತ ಆನೆ ಹತ್ತು ಮಾರು ದೂರದಲ್ಲೂ ಕಾಣುವುದಿಲ್ಲ. ಜೀಪಾದರೆ ಸದ್ದು ಮಾಡುತ್ತ ಬರುವುದರಿಂದ ಆನೆಗೆ ಮುಂಚೆಯೇ ತಿಳಿಯುತ್ತದೆ. ಸೈಕಲ್ಲಿಗೆ ಸದ್ದಿಲ್ಲ, ಅದು ನೇರವಾಗಿ ಆನೆಯ ಕಾಲಬುಡಕ್ಕೇ ಹೋಗಿಬಿಡುತ್ತದೆ. ಬೆಳಿಗ್ಗೆ ಎಂಟಕ್ಕಿಂತ ಮುಂಚೆ, ಸಂಜೆ ನಾಲ್ಕರ ನಂತರ ತೋಟದ ದಾರಿ ಬೇಡ. ಹೊರಡುವ ಮುನ್ನ ಆ ದಿನ ಕೆಲಸಕ್ಕೆ ಬಂದ ಆಳುಗಳನ್ನು ಕೇಳಿ, ಯಾವ ಬ್ಲಾಕಿನಲ್ಲಿ ಆನೆಯಿದೆಯೆಂದು ಅವರಿಗೆ ತಿಳಿದಿರುತ್ತದೆ. ತಿರುವುಗಳಲ್ಲಿ ಮಾತಾಡುತ್ತಲೋ ಗಂಟೆ ಬಾರಿಸುತ್ತಲೋ ಹೋಗಿ. ಹಸಿ ಲದ್ದಿ ಕಂಡರೆ ಫೋಟೋ ತೆಗೆಯುತ್ತ ನಿಲ್ಲದೆ ಹಿಂದಿರುಗಿ. ಹಾಗೆಯೇ ದೇವರಕಾಡುಗಳ ಒಳಗೆ ಸೈಕಲ್ ನುಗ್ಗಿಸಬೇಡಿ, ದಾರಿ ಎಷ್ಟೇ ಚೆನ್ನಾಗಿ ಕಂಡರೂ ಅದು ನಿಮ್ಮ ದಾರಿಯಲ್ಲ.

ಹಳೇಚೈನು

ಗ್ರಾವೆಲ್ ಸೈಕಲ್ ಹಳೆಯ ತೋಟದ ದಾರಿಗಳಲ್ಲಿ ನಡೆಯುತ್ತದೆ, ಗೇರಿನ ಅನುಪಾತ ಮಾತ್ರ ಸಾಲದು. ರಸ್ತೆಗೆಂದು ಕೊಟ್ಟ ಗೇರಿನಲ್ಲಿ ಏರು ಹತ್ತಲು ಎದ್ದು ನಿಂತು ತುಳಿಯಬೇಕಾಗುತ್ತದೆ, ಎದ್ದು ನಿಂತರೆ ಹಿಂದಿನ ಚಕ್ರದ ಮೇಲಿನ ಭಾರ ಹೋಗಿ ಅದು ಸುಮ್ಮನೆ ಗಿರಕಿ ಹೊಡೆಯುತ್ತದೆ. ಕೆಸರಿನ ಏರೆಂದರೆ ಕೂತೇ ಹತ್ತುವ ಏರು. ಹಿಂದೆ ದೊಡ್ಡ ಹಲ್ಲುಚಕ್ರವನ್ನು ಹಾಕಿಸಿಕೊಂಡು ಬನ್ನಿ.

ಇಳಿಜಾರಿನಲ್ಲಿ ಎರಡೂ ಬ್ರೇಕನ್ನು ಹದವಾಗಿ, ದಾರಿ ನೆಟ್ಟಗಿರುವ ಕಡೆ ಹಿಡಿದು ವೇಗವನ್ನು ಮೊದಲೇ ಇಳಿಸಿ, ತಿರುವಿನಲ್ಲಿ ಬಿಡಬೇಕು. ಅಡ್ಡ ಹಾದ ಬೇರುಗಳನ್ನು ಓರೆಯಾಗಿ ದಾಟಿದರೆ ಮುಂದಿನ ಚಕ್ರ ಬೇರಿನ ಜಾಡಿನಲ್ಲೇ ಜಾರುತ್ತದೆ, ನೇರವಾಗಿ, ಬ್ರೇಕ್ ಬಿಟ್ಟು ದಾಟಬೇಕು. ಪಾಚಿ ಹಿಡಿದ ಕಲ್ಲಿಗೆ ಉಪಾಯವಿಲ್ಲ, ಇಳಿದು ನಡೆಯಿರಿ. ಡಿಸ್ಕ್ ಬ್ರೇಕ್ ಇದ್ದರೆ ರೆಸಿನ್ ಪ್ಯಾಡಿನ ಬದಲು ಸಿಂಟರ್ಡ್ ಲೋಹದ ಪ್ಯಾಡ್ ಹಾಕಿಸಿ. ಮರಳು ಬೆರೆತ ನೀರಿನಲ್ಲಿ ರೆಸಿನ್ ಪ್ಯಾಡ್ ಎಷ್ಟು ಬೇಗ ಸವೆಯುತ್ತದೆಂದರೆ, ಬೆಳಿಗ್ಗೆ ಹೊಸದಾಗಿದ್ದದ್ದು ಉದ್ದದ ಇಳಿಜಾರುಗಳ ನಂತರ ಸಂಜೆಗೆ ತಗಡು ಮುಟ್ಟಿರುವುದನ್ನು ನೋಡಿದ್ದೇನೆ.

ಚೌಕಟ್ಟಿನ ಅಡಿಭಾಗಕ್ಕೆ ಅಡುಗೆ ಎಣ್ಣೆ ಸವರಿದರೆ ಮೊದಲ ಒಂದೆರಡು ಗಂಟೆ ಜೇಡಿ ಕಚ್ಚುವುದಿಲ್ಲ. ಆದರೆ ಡಿಸ್ಕಿಗೆ ಒಂದು ಹನಿ ತಾಗಿದರೂ ಬ್ರೇಕ್ ಕೆಟ್ಟಂತೆ, ಆದ್ದರಿಂದ ಬಟ್ಟೆಯಿಂದ ಸವರಬೇಕು, ಸಿಂಪಡಿಸಬಾರದು.

ಬಯಲುಸೀಮೆಯವ

ತಿಳಿಯಿತು. ಮನೆಗೆ ಬಂದ ಮೇಲೆ ಕಾರು ತೊಳೆಯುವ ಅಂಗಡಿಯ ಜೋರು ನೀರಿನಲ್ಲಿ ತೊಳೆಸಬಹುದೇ?

ಹಳೇಚೈನು

ಬೇಡ. ಆ ಒತ್ತಡದ ನೀರು ಹಬ್, ಪೆಡಲಿನ ಅಚ್ಚು, ಹ್ಯಾಂಡಲಿನ ಬುಡ ಇವುಗಳ ಸೀಲು ದಾಟಿ ಬೇರಿಂಗಿಗೆ ಹೋಗಿ ಗ್ರೀಸನ್ನು ಹೊರಹಾಕುತ್ತದೆ, ಕೆಸರು ಮಾಡದ ಹಾನಿಯನ್ನು ತೊಳೆಯುವುದೇ ಮಾಡುತ್ತದೆ. ಮಣ್ಣು ಒಣಗುವ ಮುನ್ನ ಕೊಡದ ನೀರು ಹೊಯ್ದು, ಬ್ರಷ್ಷಿನಿಂದ ಉಜ್ಜಿ, ಸೀಟಿನ ಕೊಳವೆಯನ್ನು ಹೊರತೆಗೆದು ಸೈಕಲ್ಲನ್ನು ತಲೆಕೆಳಗಾಗಿಸಿ ಒಳಗಿನ ನೀರು ಇಳಿಯಲು ಬಿಡಿ. ಚೈನನ್ನು ಆ ರಾತ್ರಿಯೇ ಒರೆಸಿ ಎಣ್ಣೆ ಹಾಕಿ, ಕೊಡಗಿನ ತೇವದಲ್ಲಿ ಬೆಳಗಾಗುವುದರೊಳಗೆ ಅದು ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ.

ಕೆಸರುಗಾಲಿ

ಬಯಲುಸೀಮೆಯವರು ಬರುವ ತಿಂಗಳು ಬರುವುದಾದರೆ ಕೈಲ್‌ಪೊಳ್ದ್ ಕಳೆದ ಮೇಲೆ ಬನ್ನಿ. ಹಬ್ಬದ ದಿನಗಳಲ್ಲಿ ತೋಟದವರನ್ನು ಒಪ್ಪಿಗೆಗಾಗಿ ಹುಡುಕುವುದು ಕಷ್ಟ. ತೋಟದಮನೆಯವರ ಮಾತಿನ ಒಂದು ಭಾಗವನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ಮಳೆ ಬಿಟ್ಟು ಎರಡು ಮೂರು ದಿನ ಕಾದರೆ ಸಾಕು ಎನ್ನುವುದು ಬಿಸಿಲು ತಾಗುವ ಇಳಿಜಾರಿಗೆ ಸರಿ. ಕಬ್ಬಿನಕಾಡು ಎಂಬ ಊರಿನ ಮೇಲಿನ, ನೆರಳು ದಟ್ಟವಾಗಿರುವ ಬಡಗುಮುಖದ ದಾರಿಗಳು ವಾರವಾದರೂ ಅದೇ ಉಂಡೆ ಕಟ್ಟುವ ಹದದಲ್ಲಿ ಇರುತ್ತವೆ. ಅಲ್ಲಿಗೆ ಹೋಗುವುದಾದರೆ ಸಣ್ಣ ಮಳೆ ಬೀಳುತ್ತಿರುವ ದಿನವೇ ಮೇಲು.

ತೋಟದಮನೆ

ಬಡಗುಮುಖದ ಮಾತು ಸರಿ, ಒಪ್ಪಿದೆ. ಆದರೆ ಸಣ್ಣ ಮಳೆ ಬೀಳುವ ದಿನವೆಂದರೆ ಹೊಸ ಬರೆಗಳಿಲ್ಲದ ದಾರಿಗೆ ಮಾತ್ರ, ಮತ್ತು ಹಿಂದಿನ ನಾಲ್ಕೈದು ದಿನ ಜೋರು ಮಳೆ ಆಗಿರಬಾರದು. ನಾಪೋಕ್ಲಿನ ಕಡೆ ಇಳಿಯುವ ಮುನ್ನ ಕಾವೇರಿಯ ಮಟ್ಟವನ್ನೂ ವಿಚಾರಿಸಿಕೊಳ್ಳಿ. ಚೆರಿಯಪರಂಬು, ಬೊಳಿಬಾಣೆಗಳಲ್ಲಿ ರಸ್ತೆಗೆ ನೀರು ಬಂದಿದ್ದರೆ ಮೂರ್ನಾಡಿಗೆ ಹೋಗುವ ದಾರಿ ಮುಚ್ಚಿರುತ್ತದೆ, ಆಗ ಕಕ್ಕಬ್ಬೆಗೇ ಹಿಂದಿರುಗಿ ವಿರಾಜಪೇಟೆಯ ಕಡೆಯಿಂದ ಹೋಗಬೇಕಾಗುತ್ತದೆ. ಕತ್ತಲಾಗುವುದರೊಳಗೆ ಆ ಏರನ್ನು ಮತ್ತೆ ಹತ್ತುವಷ್ಟು ಹೊತ್ತನ್ನು ಕೈಯಲ್ಲಿಟ್ಟುಕೊಂಡು ಹೊರಡಿ.